ನಾಲ್ಕು ಬಾಣಗಳನ್ನು ಸಾಲಾಗಿ ನಿಲ್ಲಿಸಿದ ಬಗ್ಗೆ

ಮುಖ್ಯ ಸ್ವಿಚ್ಚಿನ ಎದೆಯ ಮೇಲೆ ಆಸೀನರಾಗಿ, ಹೊರೆ ಮೀರಿದರೆ ಕರೆಂಟ್ ಕಡಿಯುವ ಟ್ರಿಪ್ ಯೂನಿಟ್ ಅವರ ಸನ್ನಿಧಿಗೆ,

ಮಾನ್ಯರೇ,

ಆಸ್ಪತ್ರೆಗಳ ಬೆಡ್‌ಶೀಟ್ ಒಗೆದುಕೊಡುವ ಈ ಲಾಂಡ್ರಿಯ ಒಡತಿ ನಾನು. ಹೈಸ್ಕೂಲು ಮುಗಿಸಿದವಳು, ಮೂವತ್ತೊಂದು ವರ್ಷದಿಂದ ಇದನ್ನು ನಡೆಸುತ್ತಿರುವವಳು. ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಹನ್ನೊಂದು ಕೆಲಸಗಾರರು ನಾನು ಕೆಮ್ಮಿದರೆ ಎದ್ದು ನಿಲ್ಲುತ್ತಾರೆ. ಹಾಗೆ ಲಕ್ಷ್ಯ ಕೊಡದವರು ತಾವೊಬ್ಬರೇ ಆದ್ದರಿಂದ, ಎಲ್ಲರೂ ಓದಲೆಂದು ಈ ಪತ್ರವನ್ನು ತಮ್ಮ ಪಕ್ಕದ ಗೋಡೆಗೇ ಅಂಟಿಸುತ್ತಿದ್ದೇನೆ.

ತಮ್ಮ ರೂಪವನ್ನು ಹೊಗಳದೆ ದೂರು ಹೇಳುವುದು ಮರ್ಯಾದೆಯಲ್ಲ. ಅಂಗೈ ಅಗಲದ ಕಪ್ಪು ಮುಖ, ಕರೆಂಟಿನ ಅಳತೆ ತೋರಿಸುವ ಪುಟ್ಟ ಪರದೆ, ಎಲ್ಲ ಸರಿಯಿದ್ದರೆ ಹಸಿರು, ಹೊರೆ ಹೆಚ್ಚುತ್ತಿದ್ದರೆ ಹಳದಿ, ಕರೆಂಟ್ ಕಡಿದ ಮೇಲೆ ಕೆಂಪು ದೀಪ, ಕೆಳಗೆ ಅಂಗಿಯ ಗುಂಡಿಯಷ್ಟು ನಾಲ್ಕು ತಿರುಗಣೆಗಳು, ಇಷ್ಟಕ್ಕೂ ಮೇಲೊಂದು ಗಾಜಿನಂಥ ಮುಚ್ಚಳ. ಆದರೆ ಆ ತಿರುಗಣೆಗಳ ಬಾಣಗಳು ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೊಂದೂ ಒಂದೊಂದು ಕಡೆ ಮುಖ ಮಾಡಿದ್ದವು. ಮಡಚಿದ ಅಂಚು ಬೆರಳಗಲ ಸೊಟ್ಟಗಿದ್ದರೂ ಬಿಡಿಸಿ ಮತ್ತೆ ಮಡಚಿಸುವವಳು ನಾನು. ಸೋಮವಾರ ಧೂಳು ಒರೆಸುವಾಗ ಮುಚ್ಚಳ ತೆಗೆದು, ನೂಲು ಕತ್ತರಿಸುವ ಕತ್ತರಿಯ ತುದಿಯಿಂದ ನಾಲ್ಕನ್ನೂ ನೆಟ್ಟಗೆ ಮೇಲ್ಮುಖವಾಗಿ ನಿಲ್ಲಿಸಿದೆ. ಚೊಕ್ಕಟ ಮಾಡಿದರೆ ಕೆಡುಕಾಗುತ್ತದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅಂದಿನಿಂದ, ಮೂರು ಒಗೆಯುವ ಯಂತ್ರಗಳೂ ಒಣಗಿಸುವ ಯಂತ್ರವೂ ಒಟ್ಟಿಗೆ ಓಡಿದರೆ ಸಾಕು, ಮೊದಲು ಹಳದಿ, ಆಮೇಲೆ ಕೆಂಪು, ಎಲ್ಲ ಸ್ತಬ್ಧ. ಹೊರೆ ಹೆಚ್ಚಾಯಿತೆಂದು ತಾವು ದೀಪ ತೋರಿಸಿದಿರಿ. ಯಂತ್ರಕ್ಕೆ ಬಟ್ಟೆ ತುಂಬುವವಳು ಸೊಸೆ. ನಾನು ಇನ್ನೇನು ತಿಳಿಯಬೇಕಿತ್ತು? "ನಾನು ತೂಕ ಹಾಕಿಯೇ ತುಂಬ್ತೀನಿ ಅತ್ತೆ, ಬೇಕಾದ್ರೆ ನಿಂತು ನೋಡಿ" ಎಂದಳು. ನಾನು ನಿಲ್ಲಲೂ ಇಲ್ಲ, ನೋಡಲೂ ಇಲ್ಲ. ಹನ್ನೊಂದು ಜನರೆದುರು ಯಂತ್ರದ ಕೋಣೆಯ ಬೀಗದಕೈ ಕಿತ್ತುಕೊಂಡು ಅವಳನ್ನು ಮಡಚುವ ಮೇಜಿಗೆ ಕಳಿಸಿದೆ. ಮೂರು ದಿನ ಅವಳು ಬಟ್ಟೆ ಮಡಚಿದಳು, ಮೂರು ದಿನವೂ ತಾವು ಕಡಿಯುವುದನ್ನು ಬಿಡಲಿಲ್ಲ. ಹೆರಿಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿ, "ಅಮ್ಮಾ, ಬಾಣಂತಿಯರನ್ನ ಬರೀ ರೆಕ್ಸಿನ್ ಮೇಲೆ ಮಲಗಿಸಿದ್ದೀವಿ" ಎಂದರು.

ಗುರುವಾರ ಎಲೆಕ್ಟ್ರಿಷಿಯನ್ ಬಂದರು. "ಇಷ್ಟು ನೀಟಾಗಿ ಸಾಲು ನಿಲ್ಲಿಸಿದ್ಯಾರು? ಒಂದು ಬಾಣ ಇದು ಎಷ್ಟು ಕರೆಂಟ್ ತಡ್ಕೋಬೇಕು ಅಂತ ಹೇಳುತ್ತೆ, ಇನ್ನೊಂದು ಎಷ್ಟು ಹೊತ್ತು ಅಂತ. ಹೀಗೆ ಮೇಲ್ಮುಖ ಮಾಡಿ ಎರಡನ್ನೂ ಇಳಿಸಿಬಿಟ್ರೆ, ಕಡಿಯದೆ ಇದೇನು ಮಾಡುತ್ತೆ, ಪಾಪ" ಎಂದರು. ಆ 'ಪಾಪ' ತಮಗೆ ಸಂದದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಸೊಸೆ ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಿ ಒಂದು ಮಾತು ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಕರೆಂಟ್ ಕಡಿದಾಗ ತಪ್ಪು ಮಾಡಿದವರ ಹೆಸರನ್ನೂ ಪರದೆಯ ಮೇಲೆ ಬರೆಯಬೇಕು, ಅದು ಒಡತಿಯ ಹೆಸರಾದರೆ ಅಕ್ಷರ ಸಣ್ಣದಿರಬೇಕು. ಅತ್ತೆಯಾದವಳು ಸಿಟ್ಟಿಗೇಳುವ ಮುನ್ನ ಎಷ್ಟು ಹೊತ್ತು ತಡೆದುಕೊಳ್ಳಬೇಕೆಂದು ತಿರುಗಿಸಿಡಲು ಬರುವ ಒಂದು ತಿರುಗಣೆಯನ್ನು ತಯಾರಿಸುವಂತೆ, ತಮ್ಮನ್ನು ತಯಾರಿಸಿದವರಿಗೆ ಶಿಫಾರಸು ಮಾಡಬೇಕು.

ಉತ್ತರಕ್ಕೆ ನಾನು ಕಾಯಲಿಲ್ಲ. ಇಂದು ಬೆಳಿಗ್ಗೆ ಅದೇ ಹನ್ನೊಂದು ಜನರನ್ನು ಕರೆದು, ಬಾಣ ತಿರುಗಿಸಿದವಳು ನಾನೇ ಎಂದು ಹೇಳಿ, ಬೀಗದಕೈಯನ್ನು ಸೊಸೆಯ ಕೈಗೆ ಕೊಟ್ಟೆ. ಎಲೆಕ್ಟ್ರಿಷಿಯನ್ ಮೊದಲಿನ ಜಾಗಕ್ಕೆ ತಿರುಗಿಸಿಟ್ಟ ಬಾಣಗಳ ಮೇಲೆ, ತಮ್ಮ ಮುಚ್ಚಳಕ್ಕೆ ತಂತಿ ಹಾಕಿಸಿ ಸೀಲ್ ಒತ್ತಿಸಿಯಾಯಿತು. ಅವಳ ಅಪ್ಪಣೆಯಿಲ್ಲದೆ ಅದನ್ನು ಯಾರೂ, ನಾನು ಕೂಡ, ತೆಗೆಯುವಂತಿಲ್ಲ.

ಸದ್ಯಕ್ಕೆ ಮಾತ್ರ ತಮ್ಮ ವಿಶ್ವಾಸಿ,
ಲಾಂಡ್ರಿಯ ಒಡತಿ

ಬರೆದು ಮುಗಿಸಿದ ಮೇಲೆ: ನನ್ನ ಹಿರಿಯ ಮಗ, ಅಂದರೆ ಈ ಸೊಸೆಯ ಗಂಡ, ಆ ಮೂರು ದಿನವೂ ಹೆಂಡತಿಯ ಪರವಾಗಿ ಒಂದು ಮಾತಾಡಲಿಲ್ಲ. ಹಳದಿ ದೀಪವನ್ನಾದರೂ ತೋರಿಸುವ ತಾವೇ ವಾಸಿ. ಮಡಚುವ ಮೇಜಿನಲ್ಲಿ ಖಾಲಿಯಾದ ಜಾಗಕ್ಕೆ ಅವನನ್ನು ಹಾಕಿದ್ದೇನೆ.