ಫ್ರೆಸ್ನೊ ಬೀದಿಯಲ್ಲಿ ಕುರ್ಚಿ ನಿಲುಗಡೆ

ಪುರಸಭಾ ಕಾರ್ಯಾಲಯ, ಸಂಚಾರ ಶಾಖೆ
ಸಾನ್ ತೆಲ್ಮೊ ಎಲ್ ಅಲ್ತೊ

ಸಂಖ್ಯೆ: ಸಂಶಾ/ಇಳಿಜಾರು/ಕುರ್ಚಿ/4
ದಿನಾಂಕ: ಭಾನುವಾರ, ಊಟದ ಹೊತ್ತು ಮೀರಿದ ಮೇಲೆ

ವಿಷಯ: ಫ್ರೆಸ್ನೊ ಬೀದಿಯಲ್ಲಿ ವಾಹನಗಳ ಹಾಗೂ ವಾಹನಗಳಿಗಾಗಿ ಕಾದು ಕೂತ ಹಿರಿಯರ ಸುರಕ್ಷಿತ ನಿಲುಗಡೆ ಕುರಿತು.

ಉಲ್ಲೇಖ: 1) ಬಕೆಟ್ ನಿಷೇಧಿಸಿದ ಈ ಶಾಖೆಯ ಹಿಂದಿನ ಸುತ್ತೋಲೆ.
2) ಕೆಂಪು ಬಟ್ಟೆ ಬೀಸಿ ಗಾಡಿ ನಿಲ್ಲಿಸಿಕೊಡುವ ದಾನ್ ಕ್ರಿಸ್ಪಿನ್ ಅವರ ಮೌಖಿಕ ವರದಿ.
3) ದೋನ್ಯಾ ಪೆತ್ರೊನಿಲಾ ಅವರ ಕಿಟಕಿಯಿಂದ ಬಂದ ಪೊಸೋಲೆ ಸಾರಿನ ವಾಸನೆ.

ಪ್ರಸ್ತಾವನೆ:

ಇಗರ್ಜಿಯಿಂದ ಬಾವಿಯವರೆಗೆ ಇಳಿಯುವ ಸದರಿ ಬೀದಿಯಲ್ಲಿ ಮನೆಯ ಮುಂದಿನ ಜಾಗ ಮನೆಯವರದೇ ಎಂಬುದು ಅಜ್ಜಂದಿರ ಕಾಲದ ರೂಢಿ. ಆಗ ಕತ್ತೆ ಕಟ್ಟುತ್ತಿದ್ದರು. ಈಚೆಗೆ ಸಿಮೆಂಟು ತುಂಬಿದ ಬಕೆಟ್ ಇಡುತ್ತಿದ್ದರು. ದಾನ್ ಕ್ರಿಸ್ಪಿನ್ ಅವರು "ಬರ್ಲಿ, ಬರ್ಲಿ" ಎನ್ನುತ್ತಿರುವಾಗ ಹಿಂದೆ ಸರಿದ ಗಾಡಿಯೊಂದು ದೋನ್ಯಾ ಎರ್ಮಿಲಾ ಅವರ ಬಕೆಟ್ಟಿಗೆ ತಾಗಿ, ಅದು ಬೀದಿಯುದ್ದಕ್ಕೂ ಉರುಳಿ, ಈ ಕಾರ್ಯಾಲಯದ ಮುಂದಿದ್ದ 'ಇಲ್ಲಿ ನಿಲ್ಲಿಸಬಾರದು' ಎಂಬ ಫಲಕವನ್ನು ಕೆಡವಿ ಅಲ್ಲಿಯೇ ನಿಂತಿರುತ್ತದೆ. ವಿವರಣೆ ಕೇಳಲಾಗಿ ದಾನ್ ಕ್ರಿಸ್ಪಿನ್ ಅವರು, "ಬರ್ಲಿ ಅಂದದ್ದು ಗಾಡಿಗೆ ಸ್ವಾಮಿ, ಬಕೆಟ್ಟಿಗಲ್ಲ" ಎಂದು ಹೇಳಿಕೆ ನೀಡಿರುತ್ತಾರೆ.

ಬಕೆಟ್ ನಿಷೇಧವಾಗಲು ನಿವಾಸಿಗಳು ಕುರ್ಚಿ ಹಾಕಿದರು. ಖಾಲಿ ಕುರ್ಚಿ ನಿಷೇಧವಾಗಲು ಅದರ ಮೇಲೆ ಮನೆಯ ಹಿರಿಯರನ್ನು ಕೂರಿಸಿದರು. ಇವರಲ್ಲಿ ದೋನ್ಯಾ ಪೆತ್ರೊನಿಲಾ ಅವರು ಭಾನುವಾರ ಊಟಕ್ಕೆ ಬರುವ ಮಗನ ಜೀಪಿಗಾಗಿ ಜಾಗ ಕಾಯುತ್ತಾರೆ. ಸದರಿ ಮಗ ಈ ಸುತ್ತೋಲೆಗೆ ಸಹಿ ಮಾಡಿದವನೇ ಆಗಿರುತ್ತಾನೆ.

ಈ ಎಲ್ಲವನ್ನೂ ತೂಗಿ ನೋಡಿ, ಕೆಳಕಂಡಂತೆ ವಿಧಿಸಲಾಗಿದೆ:

1. ಬೀದಿಯಲ್ಲಿ ಕುರ್ಚಿಯ ಮೇಲೆ ಕೂತ ಹಿರಿಯರನ್ನು ನಿಂತ ವಾಹನವೆಂದೇ ಪರಿಗಣಿಸತಕ್ಕದ್ದು.

2. ಆದಕಾರಣ ಇಳಿಜಾರಿಗೆ ಮುಖಮಾಡಿ ಕೂತವರು ಎರಡೂ ಪಾದಗಳನ್ನು ರಸ್ತೆಯ ಅಂಚಿನ ಕಡೆಗೆ ತಿರುಗಿಸಿಟ್ಟುಕೊಳ್ಳತಕ್ಕದ್ದು. ಕುರ್ಚಿಯ ಮುಂಗಾಲಿಗೆ ಕಲ್ಲು ಕೊಡತಕ್ಕದ್ದು.

3. ತೂಕಡಿಸಬಹುದು. ಗೊರಕೆ ಹೊಡೆದಲ್ಲಿ ಎಂಜಿನ್ ಚಾಲೂ ಇಟ್ಟು ಹೋದ ಅಪರಾಧವಾಗುತ್ತದೆ.

4. ಹೆಣೆಯುವವರ ನೂಲಿನ ಉಂಡೆ ಉರುಳಿಹೋದಲ್ಲಿ, ಬೆನ್ನಟ್ಟುವ ಮೊದಲು ಕೈ ತೋರಿಸಿ ಹಿಂದಿನ ವಾಹನಕ್ಕೆ ಸೂಚನೆ ನೀಡತಕ್ಕದ್ದು.

5. ಹರಟೆಗಾಗಿ ಒಬ್ಬರ ಪಕ್ಕ ಇನ್ನೊಬ್ಬರು ಕುರ್ಚಿ ಹಾಕುವುದು ಜೋಡಿ ನಿಲುಗಡೆಯಾಗಿದ್ದು, ಅದನ್ನು ನಿರ್ಬಂಧಿಸಲಾಗಿದೆ. ಈ ಬಗ್ಗೆ ದೋನ್ಯಾ ಎರ್ಮಿಲಾ ಅವರು ಸಲ್ಲಿಸಿದ "ನಾವು ಮೊದ್ಲಿಂದ ಇಲ್ಲೇ ಇದ್ದೀವಿ, ಬೀದಿನೇ ಆಮೇಲೆ ಬಂದದ್ದು" ಎಂಬ ಆಕ್ಷೇಪಣೆಯನ್ನು ಪರಿಶೀಲನೆಗೆ ಇಡಲಾಗಿದೆ.

6. ತಪ್ಪಿದಲ್ಲಿ ಕುರ್ಚಿಯನ್ನು ಹಗ್ಗ ಕಟ್ಟಿ ಎಳೆದೊಯ್ಯಲಾಗುವುದು. ಈ ದಿನ ಊಟಕ್ಕೆ ಮುನ್ನ ಕೆಳಸಹಿದಾರನೇ ಸ್ವಂತ ತಾಯಿಯ ಕುರ್ಚಿಗೆ ಹಗ್ಗ ಕಟ್ಟಿ ನಿಷ್ಪಕ್ಷಪಾತತೆ ಮೆರೆದಿರುತ್ತಾನೆ. ಆ ವೇಳೆ ಸದರಿ ತಾಯಿಯವರು, "ಎಳಿಯಪ್ಪ, ಎಳಿ. ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಈ ಏರು ಹತ್ತಿದವಳು ನಾನು, ನಿನ್ನ ಹಗ್ಗಕ್ಕೆ ಹೆದರ್ತೀನಾ? ತಗೋ, ನಾನೇ ಎದ್ದೆ" ಎಂದು ಕುರ್ಚಿಸಮೇತ ಒಳಗೆ ಹೋಗಿರುತ್ತಾರೆ.

7. ಕಾನೂನು ಪಾಲನೆಯಾದ ಮರುಗಳಿಗೆಯಲ್ಲೇ ತೆರವಾದ ಜಾಗಕ್ಕೆ ಬೇರೆ ಊರಿನ ಕಲ್ಲಂಗಡಿ ಲಾರಿ ಬಂದು ನಿಂತಿರುತ್ತದೆ. ಇಲಾಖೆಯ ಜೀಪಿನ ಕೈಬ್ರೇಕು ಹಿಡಿಯದ ಕಾರಣ, ಕೆಳಸಹಿದಾರನ ತಂದೆ ಬದುಕಿದ್ದಾಗ ಚಕ್ರಕ್ಕೆಂದು ಆ ಬಾಗಿಲ ಮುಂದೆ ಹೂತಿಟ್ಟ ಕಲ್ಲಿನ ಹೊರತು ಬೇರೆಲ್ಲಿಯೂ ಅದು ನಿಲ್ಲುವುದಿಲ್ಲ. ಉಲ್ಲೇಖ 2ರ ಪ್ರಕಾರ: "ಸಾಹೇಬ್ರು ಊರು ಸುತ್ತಿದ್ದೇ ಸುತ್ತಿದ್ದು. ಮನೆ ಮುಂದೆ ಬಂದಾಗೆಲ್ಲ ಅವರಮ್ಮ ಕಿಟಕಿಯಿಂದ ಸೌಟು ತೋರ್ಸೋರು. ಕೊನೆಗೆ ಸೌಟೂ ಕಾಣ್ಲಿಲ್ಲ."

8. ವಿಚಾರಣೆಯಲ್ಲಿ, ಕೆಳಸಹಿದಾರನ ಪಾಲಿನ ಪೊಸೋಲೆಯನ್ನು ಲಾರಿ ಚಾಲಕನಿಗೆ ಬಡಿಸಿದ್ದು ತಿಳಿದುಬಂದಿದೆ. ತಾಯಿಯವರ ಹೇಳಿಕೆ: "ಆ ಕಲ್ಲಿಗೆ ಚಕ್ರ ಕೊಟ್ಟು ನಿಂತವನು ಹಸಿದು ಹೋಗ್ಬಾರ್ದು. ಪಾಪ, ಅವನು ಕುತ್ಕೊಂಡು ಉಂಡ. ಎರಡು ಸಲ ಹಾಕಿಸ್ಕೊಂಡ." ಸದರಿ ಚಾಲಕ ಮುಂದಿನ ಭಾನುವಾರವೂ ಬರುವುದಾಗಿ ತಿಳಿಸಿದ್ದು, ಪರಿಸ್ಥಿತಿ ಗಂಭೀರವಾಗಿರುತ್ತದೆ.

9. ಈ ಹಿನ್ನೆಲೆಯಲ್ಲಿ, ಬಿದ್ದ ಫಲಕದ ದುರಸ್ತಿ ಸದ್ಯಕ್ಕೆ ಸಾಧ್ಯವಿಲ್ಲದ್ದರಿಂದ, ದೋನ್ಯಾ ಪೆತ್ರೊನಿಲಾ ಅವರನ್ನೇ 'ಇಲ್ಲಿ ನಿಲ್ಲಿಸಬಾರದು' ಎಂಬ ಅಧಿಕೃತ ಫಲಕವನ್ನಾಗಿ ಈ ಮೂಲಕ ನೇಮಿಸಲಾಗಿದೆ. ಕಂಡಿಕೆ 1ರಿಂದ 6ರವರೆಗಿನ ವಿಧಿಗಳು ಫಲಕಗಳಿಗೆ ಅನ್ವಯಿಸುವುದಿಲ್ಲ. ಫಲಕವು ಗೊರಕೆ ಹೊಡೆಯಬಹುದು.

10. ಫಲಕವು ತಾನಾಗಿ ಎದ್ದು "ಬಾರೋ" ಎಂದು ಕರೆದ ವಾಹನ ಮಾತ್ರ ಅಲ್ಲಿ ನಿಲ್ಲತಕ್ಕದ್ದು. ಫಲಕವು ಯಾರನ್ನು ಕರೆಯಬೇಕೆಂದು ಆದೇಶಿಸುವ ಅಧಿಕಾರ ಈ ಶಾಖೆಗೆ ಇರುವುದಿಲ್ಲ.

(ಜೀಪಿನಲ್ಲೇ, ಬ್ರೇಕಿನಿಂದ ಕಾಲು ತೆಗೆಯದೆ ಸಹಿ ಮಾಡಲಾಗಿದೆ)
ಎಲಾದಿಯೊ ಕಿರೋಸ್
ಮುಖ್ಯಸ್ಥರು, ಸಂಚಾರ ಶಾಖೆ

ಪ್ರತಿಗಳು:
ದೋನ್ಯಾ ಎರ್ಮಿಲಾ ಅವರಿಗೆ. ಬಕೆಟ್ಟನ್ನು ನಾಲ್ಕು ಜನರೊಂದಿಗೆ ಬಂದು ಒಯ್ಯುವುದು.
ದಾನ್ ಕ್ರಿಸ್ಪಿನ್ ಅವರಿಗೆ. ಬಟ್ಟೆ ಬೀಸದೆ ಓದಿ ಹೇಳುವ ಸಲುವಾಗಿ.
ಕಲ್ಲಂಗಡಿ ಲಾರಿ ಚಾಲಕನಿಗೆ, ಎಚ್ಚರಿಕೆಗಾಗಿ.
ಕಚೇರಿ ಕಡತಕ್ಕೆ. ಕಡತವು ಸದ್ಯ ಜೀಪಿನ ಹಿಂಚಕ್ರದ ಅಡಿಯಲ್ಲಿದೆ.
ದೋನ್ಯಾ ಪೆತ್ರೊನಿಲಾ ಅವರಿಗೆ. ನೇಮಕಾತಿಗೆ ಒಪ್ಪಿದಲ್ಲಿ ಕಿಟಕಿಯಿಂದ ಸೌಟು ತೋರಿಸಬೇಕಾಗಿ ಕೋರಲಾಗಿದೆ. ಜೀಪು ಬೀದಿಯ ತುದಿಯಲ್ಲೇ ಇದೆ.