ಯಜಮಾನರು ಟೆರೇಸು ಹತ್ತಿದ್ದು

ಊಟ ಸ್ವಲ್ಪ ಕಡಿಮೆ ಮಾಡಿ ಅಂತ ಯಾರಿಗಾದರೂ ಒಮ್ಮೆ ಹೇಳಿ ನೋಡಿ, ವಾರದೊಳಗೆ ನಗು ಬರುವಂಥದ್ದು ಒಂದಾದರೂ ನಡೆದೇ ನಡೆಯುತ್ತದೆ. ನನ್ನ ಕೆಲಸವೇ ಹಾಗೆ ಹೇಳುವುದು. ಹಲಸೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಡಯಟಿಷಿಯನ್. ಅಂದರೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳಿಕೊಡುವವಳು; ಮಾತ್ರೆ ಬರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಬರುವವರಲ್ಲಿ ಅರ್ಧ ಜನ ಸೂಜಿಗೆ ಅಂತ ಅಂಗಿಯ ತೋಳು ಮಡಿಸಿಕೊಂಡೇ ಕೂರುತ್ತಾರೆ. ನಾನು ಇದುವರೆಗೆ ಬರೆದಿರುವುದು ಡಯಟ್ ಚಾರ್ಟು ಮಾತ್ರ. ಎಲ್ಲಾದರೂ ವಿವರಣೆ ಹೆಚ್ಚಾಯಿತು ಅನ್ನಿಸಿದರೆ ಕ್ಷಮಿಸಿ. ಅರ್ಧ ಹೇಳಿ ಬಿಟ್ಟರೆ ಏನಾಗುತ್ತದೆ ಅಂತ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

೧. ಉಪ್ಪು ನೋಡುವುದು

ನನ್ನ ಮೊಟ್ಟಮೊದಲ ಪೇಶೆಂಟು ದೊಮ್ಮಲೂರಿನ ಒಬ್ಬ ಯಜಮಾನರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಕಟ್ಟಡ ಇದೆ. ಕೆಳಗೆ ಯಜಮಾನರು ಮತ್ತು ಅವರ ಹೆಂಡತಿ, ಮೊದಲ ಮಹಡಿಯಲ್ಲಿ ತಮ್ಮನ ಸಂಸಾರ, ಎರಡನೆಯದರಲ್ಲಿ ಮಗ ಸೊಸೆ, ಮೂರನೆಯದರಲ್ಲಿ ಬಾಡಿಗೆಯವರು, ಅದರ ಮೇಲೆ ಟೆರೇಸು. ಲಿಫ್ಟ್ ಇಲ್ಲ. ಯಜಮಾನರ ತೂಕ ತೊಂಬತ್ತಾರು ಕೆಜಿ, ಎರಡೂ ಮಂಡಿ ನೋವು. "ಎಂಟು ಕೆಜಿ ಇಳಿಸಿ, ಆಮೇಲೆ ಮೆಟ್ಟಿಲ ಮಾತು" ಅಂತ ಡಾಕ್ಟರು ಹೇಳಿ ನನ್ನ ಕೋಣೆಗೆ ಕಳಿಸಿದ್ದರು.

"ನಾನೇ ನಿಂತು ಕಟ್ಸಿದ ಮನೆ ಮೇಡಂ," ಅಂದರು ಯಜಮಾನರು. "ಟೆರೇಸ್ ನೋಡಿ ಎರಡು ವರ್ಷ ಆಯ್ತು. ಬಾಡಿಗೆಯೋರು ಮೇಲೆ ನಿಂತ್ಕಂಡು ಫ್ಲೈಓವರ್ ನೋಡ್ತಾರೆ. ನಾನು ಕೆಳಗೆ ನಿಂತ್ಕಂಡು ಅವರನ್ನ ನೋಡ್ತೀನಿ. ಒಂದೇ ಒಂದ್ಸಲ ನನ್ನ ಅಲ್ಲಿಗೆ ಹತ್ತುಸ್ಬಿಡಿ, ಸಾಕು."

ನನಗೆ ಮೈ ಜುಮ್ಮೆಂದಿತು. ಮೊದಲ ಪೇಶೆಂಟು, ಅದೂ ಇಂಥ ಆಸೆ! ಪೆನ್ನು ತೆಗೆದು, ದಿನಕ್ಕೆ ಏನೇನು ತಿನ್ನುತ್ತೀರಿ ಅಂತ ಕೇಳಿದೆ.

"ನಾನೇನೂ ತಿನ್ನಲ್ಲ ಮೇಡಂ. ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂದು ಮುದ್ದೆ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡು, "ನಿಜ ಮೇಡಂ, ಇವ್ರು ತಿನ್ನಲ್ಲ. ಉಪ್ಪು ನೋಡ್ತಾರೆ," ಅಂದರು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮನೆಗೆ ಹಿರಿಯರು ಅಂತ ಆ ಕಟ್ಟಡದ ಮೂರೂ ಅಡುಗೆಮನೆಯ ಸಾರು, ಪಲ್ಯ, ಮಟನ್ನು ಮೊದಲು ಇವರ ಬಾಯಿಗೆ ಬಂದು ಉಪ್ಪು ಸರಿ ಅನ್ನಿಸಿಕೊಳ್ಳಬೇಕು. ಇವರು ಹತ್ತಲಾರರು, ಆದ್ದರಿಂದ ಮೇಲಿನಿಂದ ಬಟ್ಟಲು ಇಳಿಯುತ್ತಿತ್ತು. ಎರಡು ಮಹಡಿಯಿಂದ, ಎರಡು ಹೊತ್ತು.

"ಉಪ್ಪು ಗೊತ್ತಾಗಲು ಒಂದು ಚಮಚ ಸಾಕಲ್ಲ ಸರ್? ಇಡೀ ಬಟ್ಟಲು ಯಾಕೆ?"

ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. "ಒಂದು ತುತ್ತಲ್ಲೇ ಗೊತ್ತಾಗುತ್ತೆ ಮೇಡಂ. ಆದ್ರೆ ಎಂಜಲು ಮಾಡಿದ್ದನ್ನ ವಾಪಸ್ ಕಳ್ಸಕ್ಕಾಗುತ್ತಾ?"

೨. ಮುಷ್ಟಿ

ಇಲ್ಲಿ ನನ್ನದೊಂದು ಕೊರತೆ ಹೇಳಿಕೊಳ್ಳಬೇಕು. ನಾನು ದಾವಣಗೆರೆ ಕಡೆಯವಳು, ರೊಟ್ಟಿ ತಿಂದು ಬೆಳೆದವಳು. ರೊಟ್ಟಿಯಾದರೆ ಎಣಿಸಬಹುದು. ಆದರೆ ಒಂದು ಮುದ್ದೆ ಅಂದರೆ ಎಷ್ಟು? ನಿಂಬೆಹಣ್ಣಿನಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಇರಬಹುದು. ಅದಕ್ಕೆ ನಾವು ಕೈ ಅಳತೆ ಹೇಳಿಕೊಡುತ್ತೇವೆ. ಮುದ್ದೆ ಅಥವಾ ಅನ್ನ ಒಂದು ಮುಷ್ಟಿಯಷ್ಟು, ಮಾಂಸ ಅಥವಾ ಮೊಟ್ಟೆ ಒಂದು ಅಂಗೈಯಷ್ಟು, ತರಕಾರಿ ಎರಡು ಬೊಗಸೆ. ತಕ್ಕಡಿ ಬೇಡ, ಲೆಕ್ಕ ಬೇಡ. ಕೈ ಯಾವಾಗಲೂ ಜೊತೆಗೇ ಇರುತ್ತದೆ.

ಯಜಮಾನರು ತಲೆದೂಗಿದರು. ಬಟ್ಟಲು ತರಿಸುವುದನ್ನೂ ನಿಲ್ಲಿಸಿದರು. ಹದಿನೈದು ದಿನ ಬಿಟ್ಟು ಬಂದು ತೂಕದ ಮೆಷಿನ್ ಮೇಲೆ ನಿಂತರೆ ಅರ್ಧ ಕೆಜಿ ಜಾಸ್ತಿ!

"ಮುದ್ದೆ ಮುಷ್ಟಿಯಷ್ಟೇ ತಾನೆ ಸರ್?"

"ದೇವರಾಣೆ ಮೇಡಂ. ಮುಷ್ಟಿ ಪಕ್ಕದಲ್ಲಿ ಇಟ್ಟೇ ಕಟ್ಸಿದೀನಿ."

"ಯಾರ ಮುಷ್ಟಿ ಅಂತ ಕೇಳಿ ಮೇಡಂ," ಅಂದರು ಹೆಂಡತಿ.

ಯಜಮಾನರು ಹೊರಗೆ ಕಾಯುತ್ತಿದ್ದ ತಮ್ಮನನ್ನು ಕರೆದರು. ಅವರು ಬಾಗಿಲಲ್ಲಿ ಸ್ವಲ್ಪ ಅಡ್ಡವಾಗಿಯೇ ಒಳಗೆ ಬಂದರು. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಮಾಡಿದ್ದರಂತೆ. ಅಣ್ಣ ಹೇಳಿದ ಕೂಡಲೇ ಕೈ ಮುಷ್ಟಿ ಮಾಡಿ ನನ್ನ ಮೇಜಿನ ಮೇಲಿಟ್ಟರು. ಅದರ ಹಿಂದಿದ್ದ ನನ್ನ ನೀರಿನ ಬಾಟಲಿ ಕಾಣದಾಯಿತು.

"ಸರ್, ನಿಮ್ಮ ಮುಷ್ಟಿ ಅಂದಿದ್ದೆನಲ್ಲ!"

"ಮನೆ ಅಂದ್ಮೇಲೆ ಒಂದೇ ಅಳತೆ ಇರ್ಬೇಕು ಮೇಡಂ. ಇಲ್ಲಾಂದ್ರೆ ನಾಳೆ ಅಣ್ಣ ಭೇದ ಮಾಡ್ದ ಅಂತ ಮಾತು ಬರುತ್ತೆ."

ಸರಿ, ಒಂದೇ ಅಳತೆ ಆಗಲಿ ಅಂದುಕೊಂಡು, ಇನ್ನು ಮುಂದೆ ಯಜಮಾನರಿಗೆ ಅವರ ಹೆಂಡತಿಯ ಮುಷ್ಟಿಯೇ ಪ್ರಮಾಣ ಅಂತ ಚಾರ್ಟಿನಲ್ಲಿ ಬರೆದು ಅಡಿಗೆರೆ ಎಳೆದೆ. ಆಕೆ ತಕ್ಷಣ ಕೈ ಬಿಗಿಹಿಡಿದು ಗಂಡನ ಮೂಗಿನ ನೇರಕ್ಕೆ ಒಡ್ಡಿದರು.

"ಮೂವತ್ತು ವರ್ಷದಿಂದ ತೋರುಸ್ತಾ ಇದೀನಿ ಮೇಡಂ. ಈಗ ಇದಕ್ಕೊಂದು ಉಪಯೋಗ ಬಂತು."

೩. ಫೋಟೋದ ಸೌತೆಕಾಯಿ

ಆಮೇಲೆ ನಾನು ಹುಷಾರಾದೆ. ಅರ್ಧ ತಟ್ಟೆ ತರಕಾರಿ ಇರಬೇಕು, ಪ್ರತಿ ಊಟಕ್ಕೆ ಮೊದಲು ತಟ್ಟೆಯ ಫೋಟೋ ತೆಗೆದು ನನಗೆ ಕಳಿಸಬೇಕು ಅಂತ ನಿಯಮ ಮಾಡಿದೆ. ಕಾರಣ ಇಷ್ಟೇ, ಫೋಟೋ ತೆಗೆಯುವಾಗ ನಾವೇನು ತಿನ್ನುತ್ತಿದ್ದೇವೆ ಅಂತ ನಮಗೇ ಒಂದು ಕ್ಷಣ ಕಾಣುತ್ತದೆ.

ಮಾರನೆಯ ದಿನದಿಂದಲೇ ಫೋಟೋ ಬರತೊಡಗಿತು. ಎಂಥ ತಟ್ಟೆ ಅಂತೀರಿ! ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಒಂದು ಮೊಟ್ಟೆ, ಉಳಿದರ್ಧ ತಟ್ಟೆಗೆ ಸಾಲಾಗಿ ಜೋಡಿಸಿದ ಸೌತೆಕಾಯಿ ಬಿಲ್ಲೆಗಳು. ನಾನು ಖುಷಿಯಿಂದ ಡಾಕ್ಟರಿಗೂ ತೋರಿಸಿದೆ. ಐದನೆಯ ದಿನ ಅವರೇ ಕನ್ನಡಕ ಸರಿಮಾಡಿಕೊಂಡು, "ಈ ಸೌತೆಕಾಯಿಗೆ ಹುಷಾರಿಲ್ವಾ?" ಅಂದರು.

ಐದೂ ದಿನದ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಬಿಲ್ಲೆಗಳು ದಿನದಿಂದ ದಿನಕ್ಕೆ ಬಾಡುತ್ತಾ, ಅಂಚು ಮೇಲೆದ್ದು, ಐದನೆಯ ದಿನಕ್ಕೆ ಹಪ್ಪಳದಂತೆ ಆಗಿದ್ದವು. ಫೋನ್ ಮಾಡಿದೆ.

"ಹೌದು ಮೇಡಂ, ಅದು ಫೋಟೋದ ಸೌತೆಕಾಯಿ," ಅಂದರು ಯಜಮಾನರು, ಏನೂ ಮುಚ್ಚಿಡದೆ. "ಫೋಟೋ ಆದ್ಮೇಲೆ ನಮ್ಮನೆಯೋಳು ತೆಗೆದು ಫ್ರಿಜ್‌ನಲ್ಲಿ ಇಡ್ತಾಳೆ. ದಿನಾ ಹೊಸದು ಕುಯ್ದು ಯಾಕೆ ದಂಡ ಮಾಡೋದು?"

"ಸರ್, ಅದನ್ನು ತಿನ್ನಬೇಕು!"

"ತಟ್ಟೇಲಿ ಇರ್ಬೇಕು ಅಂದ್ರಿ ಮೇಡಂ. ಹೊಟ್ಟೇಲಿ ಇರ್ಬೇಕು ಅಂತ ಎಲ್ಲಿ ಹೇಳುದ್ರಿ?"

ಅಂದಿನಿಂದ ನಾನು ಊಟ ಮುಗಿದ ಮೇಲಿನ ಖಾಲಿ ತಟ್ಟೆಯ ಫೋಟೋವನ್ನೂ ಕೇಳುತ್ತೇನೆ.

೪. ಬೇಕರಿಯಲ್ಲಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕುಕ್ ಟೌನಿನಲ್ಲಿ ಒಂದು ಹಳೆಯ ಬೇಕರಿ ಇದೆ. ಒಂದು ಸಂಜೆ ನಾನು ಅಲ್ಲಿ ನಿಂತು ಒಂದು ಕೈಯಲ್ಲಿ ಮೊಟ್ಟೆ ಪಫ್ಸು, ಇನ್ನೊಂದು ಕೈಯಲ್ಲಿ ದಿಲ್‌ಪಸಂದು ಹಿಡಿದಿದ್ದೆ. ತಿಳಿಯದವರಿಗೆ ಹೇಳುತ್ತೇನೆ, ದಿಲ್‌ಪಸಂದು ಅಂದರೆ ಒಳಗೆ ಸಿಹಿ ಕೊಬ್ಬರಿ ತುಂಬಿದ ದುಂಡನೆಯ ತಿಂಡಿ. ಅದರಲ್ಲಿ ನಾನು ಚಾರ್ಟಿನಲ್ಲಿ ಬೇಡ ಅಂತ ಬರೆಯುವ ಮೈದಾ, ಸಕ್ಕರೆ, ವನಸ್ಪತಿ ಮೂರೂ ಇರುತ್ತವೆ. ಎದುರಿಗೆ ಒಂದು ಆಟೋ ನಿಂತಿತು. ಇಳಿದವರು ಯಜಮಾನರು. ನೆಂಟರ ಮನೆಗೆ ಬಂದಿದ್ದರಂತೆ.

ಬಚ್ಚಿಡಲು ಎರಡು ಕೈಯೂ ಖಾಲಿ ಇಲ್ಲ. "ಒಳಗೆ ಮೊಟ್ಟೆ ಇದೆ ಸರ್, ಪ್ರೋಟೀನು," ಅಂತ ಏನೋ ತೊದಲಿದೆ.

ಯಜಮಾನರು ಬೈಯಲಿಲ್ಲ, ನಗಲೂ ಇಲ್ಲ. ಗಂಭೀರವಾಗಿ ಜೇಬಿನಿಂದ ಫೋನ್ ತೆಗೆದರು.

"ತಡೀರಿ ಮೇಡಂ, ಕಚ್ಬೇಡಿ. ನಿಮ್ಮ ಎರಡೂ ಕೈ ತುಂಬಿದೆ, ಫೋಟೋ ನಾನೇ ತೆಗೀತೀನಿ."

೫. ಸಾಕು ಅನ್ನುವುದು

ಎರಡು ತಿಂಗಳಲ್ಲಿ ಯಜಮಾನರು ನಾಲ್ಕು ಕೆಜಿ ಇಳಿದರು. ಅರ್ಧ ದಾರಿ! ಅಷ್ಟರಲ್ಲಿ ಅವರ ತಮ್ಮನ ಮಗಳ ಮದುವೆಯಾಗಿ, ಕೆ.ಆರ್. ಪುರದ ಗಂಡಿನ ಮನೆಯಲ್ಲಿ ಬೀಗರೂಟ ಬಂತು. ಮದುವೆಯ ನಂತರ ಹೊಸ ನೆಂಟರನ್ನು ಕರೆದು ಮಾಡುವ ಬಾಡೂಟ, ಅಂದರೆ ಮಾಂಸದೂಟ ಅದು. ಬಲವಂತ ಮಾಡಿ ಬಡಿಸುವುದೇ ಅಲ್ಲಿ ಮರ್ಯಾದೆ. ಅವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ. ನಾನು ಬಡಿಸುವವಳಂತೆ, ಸೌಟಿನ ಬದಲು ಡಾಕ್ಟರ ಸ್ಟೆತಾಸ್ಕೋಪು ಹಿಡಿದು "ಇನ್ನೊಂದು ಪೀಸ್ ಹಾಕ್ಲಾ?" ಅನ್ನಬೇಕು, ಅವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಅನ್ನಬೇಕು. ಹತ್ತು ಸಲ ಮಾಡಿಸಿದೆ.

ಆ ದಿನ ಮೂರು ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು. ಯಜಮಾನರ ನಂಬರು, ಆದರೆ ಮಾತಾಡಿದ್ದು ಯಾರೋ ವಯಸ್ಸಾದವರು.

"ಮೇಡಂನೋರಾ? ನಾವು ಗಂಡಿನ ಕಡೆಯೋರು. ಹೆಣ್ಣಿನ ದೊಡ್ಡಪ್ಪ ಎರಡನೇ ಪೀಸಿಗೇ ಸಾಕು ಅಂದು ಕೈ ಅಡ್ಡ ಹಿಡಿದವ್ರೆ. ಹಿರೀಕರೆಲ್ಲ ಹೋಗಿ ಕೈ ಮುಗಿದ್ವಿ, ನಗ್ತಾ ಕೂತವ್ರೆ ಹೊರತು ತಿಂತಿಲ್ಲ. ಕೇಳುದ್ರೆ ನಿಮ್ಮ ಹೆಸರು ಹೇಳ್ತಾರೆ. ನಮ್ಮಿಂದ ಏನು ತಪ್ಪಾಗೈತೆ ಅಂತ ನೀವೇ ಹೇಳ್ಬುಡಿ ತಾಯಿ, ಸರಿ ಮಾಡ್ಕೋತೀವಿ."

೬. ಟೆರೇಸು

ಕೊನೆಯ ನಾಲ್ಕು ಕೆಜಿ ಇಳಿಯದೆ ಸತಾಯಿಸುತ್ತಿತ್ತು. ಆಗ ಯಜಮಾನರ ಹೆಂಡತಿ ನನ್ನ ಕಣ್ಣಲ್ಲಿ ನೀರು ಬರುವಂಥ ಮಾತು ಹೇಳಿದರು. "ಇವ್ರು ಒಬ್ರೇ ಕಷ್ಟಪಡೋದು ನೋಡಕ್ಕಾಗಲ್ಲ ಮೇಡಂ. ಮನೇಲಿ ಎಲ್ರೂ ಇವ್ರ ಊಟಾನೇ ಮಾಡ್ತೀವಿ. ಭಾನುವಾರದ ಬಾಡೂ ಬಿಟ್ವಿ."

ಇಡೀ ಕುಟುಂಬ! ನಾನು ಇದನ್ನು ಕ್ಲಿನಿಕ್ಕಿಗೆ ಬಂದ ಎಲ್ಲರಿಗೂ ಉದಾಹರಣೆ ಕೊಟ್ಟೆ. ಯಜಮಾನರಿಗೂ ಹುಮ್ಮಸ್ಸು ಬಂತು. ಅವರಿಗಾಗಿ ಮನೆಯವರೆಲ್ಲ ಬಿಟ್ಟಿರುವಾಗ ತಾವು ಬಿಡದಿದ್ದರೆ ಹೇಗೆ? ಮತ್ತೆರಡು ತಿಂಗಳಿಗೆ ಮೆಷಿನ್ನಿನಲ್ಲಿ ಎಂಬತ್ತೆಂಟು ಕಂಡಿತು. ನಾನು ಕುಣಿದದ್ದನ್ನು ಡಾಕ್ಟರು ಬಾಗಿಲಿಂದ ನೋಡಿ ಒಳಗೆ ಬಂದರು. ಯಜಮಾನರ ಮಂಡಿಯನ್ನೂ ಪರೀಕ್ಷಿಸಿ, ನಿಧಾನವಾಗಿ ಹತ್ತಬಹುದು ಅಂದರು.

ಆ ಭಾನುವಾರ ಮಧ್ಯಾಹ್ನ ಯಜಮಾನರ ಫೋನು. "ಮೇಡಂ, ಬಂದ್ಬಿಡಿ. ಇವತ್ತೇ ಹತ್ತೋದು. ಮನೇಲಿ ಯಾರಿಗೂ ಹೇಳಿಲ್ಲ. ನನ್ನ ಕಾಲು ವಾಸಿ ಆಗ್ಲಿ ಅಂತ ಭಾನುವಾರ ಭಾನುವಾರ ಎಲ್ರೂ ದೇವಸ್ಥಾನಕ್ಕೆ ಹೋಗ್ತಾರೆ ಪಾಪ. ಬರೋಷ್ಟರಲ್ಲಿ ನಾನು ಮೇಲೆ ನಿಂತಿರ್ಬೇಕು, ಅವರು ಕೆಳಗಿಂದ ನನ್ನ ನೋಡ್ಬೇಕು!"

ನಾನು ಓಡಿದೆ. ಮೆಟ್ಟಿಲು ಕಟ್ಟಡದ ಹೊರಗೆ, ಪಕ್ಕದ ಓಣಿಯ ಕಡೆಯಿಂದ. ಒಂದೊಂದು ಮಹಡಿಗೂ ನಿಂತು ಉಸಿರು ತಗೊಂಡು ಹತ್ತಿದೆವು. ಎರಡನೆಯ ಮಹಡಿ ದಾಟಿದಾಗ ಯಜಮಾನರು ಮೂಗು ಎತ್ತಿದರು. "ಬಾಡಿಗೆಯೋರು ಬಿರಿಯಾನಿ ಮಾಡವ್ರೆ. ನಮ್ಮೋರು ಈ ವಾಸನೆ ಹೆಂಗೆ ತಡ್ಕೊಂಡವ್ರೋ!" ಕೊನೆಯ ಮೆಟ್ಟಿಲೂ ಹತ್ತಿ ಬಾಗಿಲು ತಳ್ಳಿದರು.

ಟೆರೇಸಿನ ನಡುವೆ ಚಾಪೆ. ಚಾಪೆಯ ಮೇಲೆ ದೊಡ್ಡ ಬಿರಿಯಾನಿ ಡೇಗ್ಚಿ. ಸುತ್ತ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಮಗ, ಸೊಸೆ. ತಮ್ಮನ ಕೈಯಲ್ಲಿದ್ದ ಮೂಳೆ ಬಾಯಿಯ ಹತ್ತಿರಕ್ಕೆ ಹೋಗಿ ಅಲ್ಲೇ ನಿಂತಿತು.

"ಅಣ್ಣಾ... ಹತ್ಬುಟ್ಯಾ?"

ಯಜಮಾನರು ಮೊದಲು ಗೋಡೆಯ ಹತ್ತಿರ ಹೋಗಿ ಫ್ಲೈಓವರ್ ನೋಡಿದರು. ನೀರಿನ ಟ್ಯಾಂಕು ಮುಟ್ಟಿದರು. ಕಣ್ಣೊರೆಸಿಕೊಂಡರು. ಆಮೇಲೆ ತಿರುಗಿ ಡೇಗ್ಚಿ ನೋಡಿದರು.

"ಎಷ್ಟು ಭಾನುವಾರದಿಂದ ಕಣ್ರೋ?"

ತಮ್ಮ ಎದ್ದು ನಿಂತರು. "ನಿನ್ನ ಮುಂದೆ ತಿಂದ್ರೆ ನಿಂಗೆ ಆಸೆ ಆಗುತ್ತೆ ಅಂತ ಅಣ್ಣಾ, ನಿನಗೋಸ್ಕರಾನೇ ಡೇಗ್ಚಿ ಹೊತ್ಕೊಂಡು ಇಷ್ಟೆತ್ತರ ಹತ್ತಿ ಬಂದು ತಿಂತಿದ್ವಿ. ನಮಗೇನು ಕಾಲು ನೋಯಲ್ವಾ?"

ಯಜಮಾನರು ಟ್ಯಾಂಕಿಗೆ ಒರಗಿ, ಎರಡು ವರ್ಷದ ನಗು ಒಟ್ಟಿಗೇ ಬಂದಂತೆ ನಕ್ಕರು. "ಸರೀರಿ ಅತ್ಲಾಗೆ," ಅಂತ ಚಾಪೆಯ ಮೇಲೆ ಜಾಗ ಮಾಡಿಸಿಕೊಂಡು ಕೂತರು. ಸೊಸೆ ಗಡಿಬಿಡಿಯಿಂದ ತಟ್ಟೆ ತಂದಳು.

ಅವರ ಹೆಂಡತಿ ಎದ್ದು ಬಂದು ನನ್ನ ಕೈ ಹಿಡಿದು ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡು ನಾನೂ ಕಣ್ಣೊರೆಸಿಕೊಂಡೆ.

"ಮೇಡಂ," ಅಂದರು ಮೆಲ್ಲಗೆ, "ನೀವು ಇಷ್ಟು ಚೆನ್ನಾಗಿ ಕೆಲಸ ಮಾಡ್ತೀರ ಅಂತ ನಮಗ್ಯಾರಿಗೂ ಅನ್ನಿಸಿರ್ಲಿಲ್ಲ."