ಅರೆಗಣ್ಣಿನ ತಾತ

ಎಲ್ಲ ರಗಳೆಗೂ ಮೂಲ ಬೆಳಿಗ್ಗೆ ಮೊಬೈಲಿಗೆ ಬಂದ ಒಂದು ಪುಟ್ಟ ಸಂದೇಶ. ಚಿತ್ರಕಲಾ ಶಾಲೆಯ ಕೊನೆಯ ವರ್ಷದವರಿಗೆ ಹೊರಗಿನಿಂದ ಬರುವ ಪರೀಕ್ಷಕಿ ಹೊಸ ಷರತ್ತು ಹಾಕಿದ್ದರು: ಮಧ್ಯಾಹ್ನ ಒಂದೇ ಒಂದು ಚಿತ್ರ ತನ್ನಿ, ಅದರ ಮೇಲೆ ಬೇರೆ ಯಾರ ಕೈಯೂ ಬಿದ್ದಿರಬಾರದು, ಅದರ ಬಗ್ಗೆ ನೀವೇ ಮಾತಾಡಿ.

"ಅಯ್ಯೋ, ಇದೇನು ಮಹಾ!" ಎಂದುಕೊಂಡು ರಬ್ಬರು ಹಲ್ಲುಜ್ಜಲು ಹೋದಳು. ರಬ್ಬರು ಎಂದರೆ ನಮ್ಮ ಕತೆಯ ಹುಡುಗಿ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು ಎಂದು ತರಗತಿಯವರು ಇಟ್ಟ ಹೆಸರು. ಈಗ ಮನೆಯವರೂ ಹಾಗೇ ಕರೆಯುತ್ತಾರೆ. ಹಲ್ಲುಜ್ಜುತ್ತಿರುವಾಗ ತರಗತಿಯ ಮೇಷ್ಟ್ರು ನೆನಪಾದರು. ಬ್ರಷ್ಷು ಬಾಯಲ್ಲೇ ನಿಂತಿತು.

ಆ ಮೇಷ್ಟ್ರಿಗೆ ಒಂದು ಚಟ. ಅಂಗಿಯ ಜೇಬಿನಲ್ಲಿ ಸದಾ ಇದ್ದಿಲ ಕಡ್ಡಿ. ಬೆನ್ನ ಹಿಂದೆ ಬಂದು ನಿಂತು "ಹ್ಞೂಂ" ಎನ್ನುವರು, ಕಡ್ಡಿ ತೆಗೆದು ನಿಮ್ಮ ಹಾಳೆಯ ಮೇಲೇ ಪರಪರ ತಿದ್ದಿ ಮುಂದಕ್ಕೆ ಹೋಗುವರು. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ರಬ್ಬರು ಮಂಚದ ಕೆಳಗಿದ್ದ ತನ್ನ ಚಿತ್ರಗಳನ್ನೆಲ್ಲ ಎಳೆದು, ಮನೆಯಲ್ಲಿ ಜಾಗ ಸಾಲದೆ ಕಟ್ಟಡದ ಮೆಟ್ಟಿಲ ಮೇಲೆ ಹರಡಿದಳು. ಬಸ್ಸಿಗೆ ಕಾಯುವ ಮುದುಕಿ: ಸೀರೆ ಇವಳದ್ದು, ಮುಖದ ಸುಕ್ಕು ಮೇಷ್ಟ್ರದು. ಹೂಜಿ: ಕುತ್ತಿಗೆ ಮೇಷ್ಟ್ರದು. ಕುದುರೆ: ಇವಳ ಪಾಲಿಗೆ ಉಳಿದದ್ದು ಬಾಲ. ಅದಕ್ಕಿಂತ ಹೆಚ್ಚು ಉರಿ ಹತ್ತಿದ್ದು ಇನ್ನೊಂದಕ್ಕೆ. ಯಾವ ಹಾಳೆ ನೋಡಿದರೂ ಕಣ್ಣಿಗೆ ಹಿತವೆನಿಸುವ ಜಾಗವೇ ಮೇಷ್ಟ್ರದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳಿಗೆ ಹೆಗ್ಗಣವಾದರೂ ಪೂರ್ತಿ ತನ್ನದಾಗಿರಲಿಲ್ಲ.

"ಕಳ್ಳ ಮೇಷ್ಟ್ರು! ನನ್ನ ನಾಲ್ಕು ವರ್ಷ ನುಂಗಿ ನೀರು ಕುಡಿದುಬಿಟ್ರು!" ಎಂದು ಅವಳು ಮೆಟ್ಟಿಲ ಮೇಲೆ ಕೂತು ಗುಡುಗಿದಳು. ಗುಡುಗದೆ ಏನು ಮಾಡಿಯಾಳು? ಈ ಸಲ ಪಾಸಾಗದಿದ್ದರೆ ಚಿತ್ರವೂ ಬೇಡ ಗಿತ್ರವೂ ಬೇಡ, ಸೋದರಮಾವನ ಔಷಧಿ ಅಂಗಡಿಯಲ್ಲಿ ಕೂತ್ಕೋ ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದರು.

ಆಗ ರಾಶಿಯ ತಳದಿಂದ ತಾತ ಸಿಕ್ಕ. ಕುರ್ಚಿಯಲ್ಲಿ ತೂಕಡಿಸುತ್ತಿರುವ ತಾತ. ರಜೆಯಲ್ಲಿ ದಿನವೂ ಮಧ್ಯಾಹ್ನ ಅವನನ್ನು ಕೂರಿಸಿ ಪೆನ್ಸಿಲಿನಲ್ಲಿ ಬರೆದ ಚಿತ್ರ. ಮೇಷ್ಟ್ರ ನೆರಳೂ ಅದರ ಮೇಲೆ ಬಿದ್ದಿರಲಿಲ್ಲ. ಇವತ್ತು ಬರೆದು ಬಿಟ್ಟುಹೋದದ್ದು ಮರುದಿನ ನೋಡಿದರೆ ಇನ್ನಷ್ಟು ಚೆನ್ನಾಗಿ ಕಾಣುತ್ತಿತ್ತು. ಚಿತ್ರವೂ ಬಾಳೆಕಾಯಿಯ ಹಾಗೆ, ಒಂದು ರಾತ್ರಿ ಇಟ್ಟರೆ ಹಣ್ಣಾಗುತ್ತದೆ ಎಂದು ಆಗಲೇ ಅವಳು ಹೆಮ್ಮೆಪಟ್ಟಿದ್ದಳು. ಅದರಲ್ಲೂ ಆ ಕಣ್ಣು! ಪೂರ್ತಿ ಮುಚ್ಚದೆ, ರೆಪ್ಪೆಯಡಿ ಸಣ್ಣ ಸಂದಿನಿಂದ ಇಣುಕುವ ನೋಟ.

"ಇದು ನಂದು! ಇದೊಂದು ನಂದು!" ಎಂದು ಅವಳು ಕೂಗಿದ್ದೇ ತಪ್ಪಾಯಿತು. ಬಾಗಿಲುಗಳು ತೆರೆದುಕೊಂಡವು.

ಮೊದಲು ಬಂದದ್ದು ಕೆಳಮನೆ ಅತ್ತೆ. "ಚೆನ್ನಾಗಿದೆ ಕಣೇ. ಆದ್ರೆ ಕಣ್ಯಾಕೆ ಹಾಗೆ? ನಿದ್ದೆನೋ, ಪ್ರಾಣ ಹೋಗಿದೆಯೋ ಗೊತ್ತಾಗಲ್ವಲ್ಲ. ಇರು, ಮುಚ್ಚಿಬಿಡ್ತೀನಿ" ಎಂದು ಹುಬ್ಬು ತೀಡುವ ಪೆನ್ಸಿಲನ್ನು ಮುಂದೆ ಮಾಡಿದರು.

"ಅತ್ತೇ! ಮುಟ್ಟಿದ್ರೆ ನೋಡಿ! ಆ ಕಣ್ಣೇ ಕಲೆ!"

"ಕಣ್ಣು ಹಾಗಿರ್ಲಿ, ಈ ಕಾಲರ್ ಯಾವನಮ್ಮ ಹೊಲಿದೋನು?" ಮೇಲ್ಮನೆಯ ಟೈಲರ್ ಮಾವ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದ. "ಎರಡು ಗೆರೆ ಹಾಕಿದ್ರೆ ನೆಟ್ಟಗಾಗುತ್ತೆ."

ಅಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆ ಹಿಡಿದು ಬಂದು, "ಎಷ್ಟು ಧೂಳೇ ಇದು!" ಎಂದು ಕುದುರೆಯನ್ನು ಒರೆಸಿಯೇಬಿಟ್ಟಳು. ಇವಳ ಪಾಲಿನ ಬಾಲವೂ ಹೋಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ರಬ್ಬರು ತಾತನ ಚಿತ್ರವನ್ನು ಎದೆಗವಚಿಕೊಂಡು ಬಚ್ಚಲಿಗೆ ನುಗ್ಗಿ ಚಿಲಕ ಜಡಿದಳು. ಸಿಟ್ಟಿನಲ್ಲಿ ಜಡಿದ ಚಿಲಕ ಮತ್ತೆ ತೆರೆಯಲಿಲ್ಲ. ಹೊರಗೆ ಅಮ್ಮ ಬೈದಳು, ಅತ್ತೆ ಎಣ್ಣೆ ಬಿಡಲು ಹೇಳಿದರು, ಟೈಲರ್ ಮಾವ ಕತ್ತರಿಯ ತುದಿಯಿಂದ ಬಾಗಿಲಿನ ತಿರುಪು ಬಿಚ್ಚಿದ. ಅವಳು ಹೊರಗೆ ಬಂದಾಗ ಪರೀಕ್ಷೆಯ ಹೊತ್ತು ತಲೆಯ ಮೇಲೇ ಬಂದಿತ್ತು.

"ತಾತ, ನಡಿ ನನ್ನ ಜೊತೆ. ದಾರಿಯಲ್ಲಿ ಚಿತ್ರಕ್ಕೆ ಕಾವಲು ಬೇಕು. ಈ ಇಡೀ ಕಟ್ಟಡದಲ್ಲಿ ನನ್ನ ಚಿತ್ರಕ್ಕೆ ಕೈ ಹಾಕದೆ ಇರೋನು ನೀನೊಬ್ಬನೇ."

ತಾತ ಯಾಕೋ ಕೆಮ್ಮಿದ. ನಂತರ ಚಪ್ಪಲಿ ಹುಡುಕತೊಡಗಿದ.

ಶಾಲೆಯಲ್ಲಿ ಇವಳದ್ದೇ ಕೊನೆಯ ಸರದಿ. ಚಿತ್ರವನ್ನು ಸ್ಟ್ಯಾಂಡಿಗೆ ಏರಿಸಿದ್ದೇ ತಡ, ಪರೀಕ್ಷಕಿಯ ಪಕ್ಕದಲ್ಲಿದ್ದ ಮೇಷ್ಟ್ರು "ಹ್ಞೂಂ" ಎಂದು ಎದ್ದರು. ಕೈ ತಾನಾಗಿ ಜೇಬಿಗೆ ಹೋಯಿತು.

"ಸಾರ್, ಕೈ ತೆಗೀರಿ!" ರಬ್ಬರು ಚಿತ್ರಕ್ಕೆ ಅಡ್ಡ ನಿಂತಳು. ಬೆಳಗಿನಿಂದ ಕುದಿದದ್ದೆಲ್ಲ ಉಕ್ಕಿಬಂತು. "ಮುದುಕಿ ಮುಖ ತಗೊಂಡ್ರಿ, ಹೂಜಿ ಕುತ್ತಿಗೆ ತಗೊಂಡ್ರಿ, ಕುದುರೆ ಪೂರ್ತಿ ತಗೊಂಡ್ರಿ! ಕೆಟ್ಟದಾಗಿ ಬರೆಯೋ ಹಕ್ಕಾದ್ರೂ ನನಗೆ ಬೇಡ್ವಾ ಸಾರ್? ತಿದ್ದಿಸ್ಕೊಂಡು ಚೆನ್ನಾಗಿರೋದಕ್ಕಿಂತ ಸೊಟ್ಟಗಿದ್ರೂ ನಂದಾಗಿರ್ಲಿ! ಇದು ನಂದು. ಇದಕ್ಕೆ ಒಬ್ಬರ ಕೈಯೂ ತಾಗಿಲ್ಲ!"

ಮೇಷ್ಟ್ರು ತಲೆ ತಗ್ಗಿಸಿ ಕೂತರು. ಪರೀಕ್ಷಕಿ ಎದ್ದುಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ಚಿತ್ರ ನೋಡಿದರು.

"ಈ ಅರೆಗಣ್ಣು..." ಅವರ ದನಿ ಮೆತ್ತಗಾಗಿತ್ತು. "ಈ ಚಿತ್ರದ ಜೀವ ಇರೋದೇ ಇಲ್ಲಿ. ನಿನಗಿದು ಹೇಗೆ ಹೊಳೀತಮ್ಮ?"

"ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಹೊಸ್ತಿಲಿದೆ, ಮೇಡಂ. ತಾತ ಆ ಹೊಸ್ತಿಲಲ್ಲಿ ನಿಂತು ನಮ್ಮನ್ನ ನೋಡ್ತಿದ್ದಾನೆ" ಎಂದಳು ರಬ್ಬರು.

ಪರೀಕ್ಷಕಿ ಅಂಕ ಹಾಕಲು ಪೆನ್ನು ಎತ್ತಿದರು. ಬಾಗಿಲ ಬಳಿ ನಿಂತಿದ್ದ ತಾತ ಅವರ ಕಣ್ಣಿಗೆ ಬಿದ್ದ. "ನೀವೇ ಅಲ್ವಾ ಇವರು! ಮಲಗಿದಾಗ ನಿಜವಾಗ್ಲೂ ಹೀಗೆ ಅರೆಗಣ್ಣು ಬಿಟ್ಟಿರ್ತೀರಾ?"

ಸುಳ್ಳು ಹೇಳಿ ತಾತನಿಗೆ ಅಭ್ಯಾಸವಿರಲಿಲ್ಲ. "ಇಲ್ಲಮ್ಮ, ಗಟ್ಟಿಯಾಗಿ ಮುಚ್ಚಿರ್ತೀನಿ."

"ಮತ್ತೆ ಇಲ್ಲಿ?"

ತಾತ ಮೊಮ್ಮಗಳನ್ನು ನೋಡಿದ, ಚಿತ್ರವನ್ನು ನೋಡಿದ, ಕೊನೆಗೆ ನೆಲ ನೋಡಿದ. "ಪೂರ್ತಿ ಮುಚ್ಚಿಕೊಂಡ್ರೆ ಕನ್ನಡಿ ನೋಡೋದು ಹೇಗಮ್ಮ?"

"ಕನ್ನಡಿನಾ?"

"ಇವಳು ಬರೆದಿಟ್ಟು ಹೊರಗೆ ಹೋಗೋಳು. ನಾನೆದ್ದು ನೋಡಿದ್ರೆ ಮೂಗು ಆಲೂಗಡ್ಡೆ ಹಾಗಿತ್ತು. ಹೇಳಿದ್ರೆ ಮಗು ನೊಂದ್ಕೊಳ್ಳುತ್ತೆ ಅಂತ ಕನ್ನಡಿ ಮುಂದಿಟ್ಕೊಂಡು ದಿನಕ್ಕಿಷ್ಟಿಷ್ಟು ನಾನೇ ಸರಿ ಮಾಡಿದೆ. ಮೂಗು, ಬಾಯಿ, ಕಿವಿ, ಕೈಬೆರಳು. ಕಣ್ಣು ಮಾತ್ರ ಎಷ್ಟು ಒದ್ದಾಡಿದ್ರೂ ಇಷ್ಟೇ ಮುಚ್ಚೋಕಾಗಿದ್ದು."

"ತಾತಾ! ನೀನೂನಾ!" ರಬ್ಬರಿನ ಕೂಗಿಗೆ ಪಕ್ಕದ ತರಗತಿಯವರೂ ಇಣುಕಿದರು. ಮೇಷ್ಟ್ರು ಆಗಲೇ ತಾತನ ಬಳಿಗೆ ಹೋಗಿ, "ಆ ಮೂಗಿನ ನೆರಳು ಹೇಗೆ ತಂದ್ರಿ ಸ್ವಾಮಿ?" ಎಂದು ವಿಚಾರಿಸುತ್ತಿದ್ದರು.

ಪರೀಕ್ಷಕಿಗೆ ಹುಡುಗಿಯ ಮುಖ ನೋಡಿ ಪಾಪವೆನಿಸಿತು. "ಹೋಗಲಿ, ಕುರ್ಚಿ? ಕುರ್ಚಿಯಾದ್ರೂ ಪೂರ್ತಿ ಇವಳದ್ದೇ ತಾನೆ? ಅದಕ್ಕೇ ಪಾಸು ಮಾಡ್ತೀನಿ."

"ಇವಳದ್ದೇ, ಇವಳದ್ದೇ!" ತಾತ ಮೊಮ್ಮಗಳನ್ನು ಉಳಿಸಲು ಓಡೋಡಿ ಬಂದ. "ಆ ಮೂರು ಕಾಲು ಇವಳೇ ಬರೆದದ್ದು, ನಾನು ಮುಟ್ಟೇ ಇಲ್ಲ. ನಾಲ್ಕನೇದು ಮರೆತಿದ್ದಳು ನೋಡಿ, ಕೂತೋನು ನಾನಲ್ವಾ, ಬಿದ್ದುಬಿಡ್ತೀನಿ ಅಂತ ಅದೊಂದನ್ನ ಹಾಕ್ಕೊಂಡೆ."